ದೊಡ್ಡಬಾಯಿಯ ಬಾಂಡ್ಲಿ ಲೆಕ್ಕ

ಹೆತ್ತವರು ಅವಳಿಗೆ ಒಳ್ಳೆಯ ಹೆಸರನ್ನೇ ಇಟ್ಟಿದ್ದರಂತೆ. ಅದನ್ನು ಕರೆಯುವ ಪುಣ್ಯ ಮಾತ್ರ ಯಾರಿಗೂ ಸಿಗಲಿಲ್ಲ. ಕಾಂಕ್ರೀಟ್ ಕಲಸುವ ಮಿಕ್ಸರ್ ಎಷ್ಟೇ ಗಡಗಡ ಅಂದರೂ ಅದರ ಮೇಲೆ ಅವಳ ಗಂಟಲು ಕೇಳಿಸುತ್ತಿತ್ತು. ಹಾಗಾಗಿ ಕಟ್ಟಡದ ಕೆಲಸದವರು ಅವಳನ್ನು ಎದುರಿಗೆ ಅಕ್ಕ ಎಂದೂ ಬೆನ್ನ ಹಿಂದೆ ದೊಡ್ಡಬಾಯಿ ಎಂದೂ ಕರೆದರು. ಬರಬರುತ್ತಾ ಎದುರಿಗೂ ದೊಡ್ಡಬಾಯಿಯೇ ಆಯಿತು. ಅವಳೇನೂ ಬೇಜಾರು ಮಾಡಿಕೊಳ್ಳಲಿಲ್ಲ. "ಕಟ್ಟಿದ್ದೆಲ್ಲ ಬೇರೆಯೋರ ದೊಡ್ಡ ಮನೆ. ನಂದು ಅಂತ ದೊಡ್ಡದಿರೋದು ಇದೊಂದೇ, ಇರ್ಲಿ ಬಿಡಿ" ಎನ್ನುತ್ತಿದ್ದಳು.

ಮದುವೆಯಾಗಿ ಬಂದ ಹೊಸದರಲ್ಲಿ ಅವಳೂ ಎಲ್ಲರ ಹಾಗೆ ತಲೆಯ ಮೇಲೆ ಸಿಂಬೆ ಇಟ್ಟುಕೊಂಡು, ಅದರ ಮೇಲೆ ಬಾಂಡ್ಲಿ ಹೊತ್ತು, ಹಲಗೆಯ ಏರಿನಲ್ಲಿ ಮೇಲೆ ಕೆಳಗೆ ಓಡಾಡಿದವಳೇ. ಬಾಂಡ್ಲಿ ಅಂದರೆ ಗೊತ್ತಲ್ಲ, ಆ ಕಬ್ಬಿಣದ ಬಟ್ಟಲು, ಕಾಂಕ್ರೀಟ್ ತುಂಬಿದರೆ ಕತ್ತು ಭುಜದೊಳಗೆ ಇಳಿದುಹೋಗುತ್ತದೆ. ಹೊತ್ತು ಹೊತ್ತು ಅವಳ ಮಂಡಿಗಳು ಎಣ್ಣೆ ಕಾಣದ ಬಾಗಿಲಿನ ಹಾಗೆ ಕಿರುಗುಟ್ಟಲು ಶುರುವಾದವು. ಆಮೇಲೆ ಮಿಕ್ಸರ್ ಪಕ್ಕದ ಜಾಗ ಸಿಕ್ಕಿತು. ಹೊಟ್ಟೆ ಉಬ್ಬಿದ, ಡೀಸೆಲ್ ನಾತದ ಹಳೇ ಚಿಕ್ಕ ಮಿಷನ್ನು. ಅದರ ಬಾಯಿಗೆ ಎಷ್ಟು ಸಿಮೆಂಟು, ಎಷ್ಟು ಮರಳು, ಎಷ್ಟು ಜಲ್ಲಿ ಎಂದು ಕೂಗಿ ಹಾಕಿಸುವುದು, ಕಲಸಿದ ಮೇಲೆ ಚಕ್ರ ತಿರುಗಿಸಿ ಸುರಿಸುವುದು, ಅಷ್ಟೇ ಕೆಲಸ. ಆದರೆ ಅಲ್ಲಿ ನಿಂತವಳು ಹೊರುವವಳಲ್ಲ, ಹೊರಿಸುವವಳು. ದೊಡ್ಡಬಾಯಿಗೆ ಅದು ಸಿಂಹಾಸನಕ್ಕಿಂತ ಹೆಚ್ಚು. ಸಿಂಹಾಸನದ ಮೇಲೆ ಕೂತವರಿಗೆ ಬೈಯುವ ಸ್ವಾತಂತ್ರ್ಯ ಇಷ್ಟು ಇರುತ್ತದೋ ಇಲ್ಲವೋ.

ಈಗ ಅವಳ ಲೆಕ್ಕದ ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಆ ಮಿಷನ್ನಿಗೆ ಒಂದು ಸಲಕ್ಕೆ ಎರಡು ಬಾಂಡ್ಲಿ ಸಿಮೆಂಟು, ನಾಲ್ಕು ಮರಳು, ಎಂಟು ಜಲ್ಲಿ. ಎಣಿಸುವುದೇನು ಮಹಾ ವಿದ್ಯೆಯಲ್ಲ. ಆದರೆ ದೊಡ್ಡಬಾಯಿ ಬಾಯಿ ಮುಚ್ಚಿಕೊಂಡು ಎಣಿಸುವವಳಲ್ಲ, ಮಾತಾಡುತ್ತಾ ಎಣಿಸಿದರೆ ಎಣಿಕೆ ಯಾವ ಸಂದಿಯಲ್ಲೋ ಜಾರಿಹೋಗುತ್ತಿತ್ತು. ಆಗಿನ ಮೇಸ್ತ್ರಿ, ಪಾಪ ಈಗ ಇಲ್ಲ, ದಿನಕ್ಕೊಂದು ಸಲವಾದರೂ ತಲೆ ಚಚ್ಚಿಕೊಳ್ಳುತ್ತಿದ್ದ. ಕೊನೆಗೆ ಅವಳೇ ಒಂದು ದಾರಿ ಹುಡುಕಿದಳು. ಸಂಖ್ಯೆ ಮರೆತುಹೋಗುತ್ತದೆ, ಸರಿ, ಆದರೆ ನಾದಿನಿ ಆಡಿದ ಮಾತು ಮರೆತುಹೋಗುತ್ತದೆಯೇ? ಅಂದಿನಿಂದ ಬಾಂಡ್ಲಿಗೊಬ್ಬರಂತೆ ಗಂಡನ ಮನೆಯವರನ್ನು ಮಿಷನ್ನಿಗೆ ಹಾಕತೊಡಗಿದಳು.

ಸಿಮೆಂಟು ಎರಡು: ಮಾವ, ಅತ್ತೆ. ಮನೆಯನ್ನು ಹಿಡಿದಿಟ್ಟವರೂ ಅವರೇ, ಗಟ್ಟಿಯಾಗಿ ಕೂತು ಅಲ್ಲಾಡದವರೂ ಅವರೇ. ಜಲ್ಲಿ ಎಂಟು: ದೊಡ್ಡ ಭಾವ, ಅವನ ಹೆಂಡತಿ, ಚಿಕ್ಕ ಭಾವ, ಅವನ ಹೆಂಡತಿ, ಮೈದುನ, ಅವನ ಹೆಂಡತಿ, ನಾದಿನಿ, ನಾದಿನಿಯ ಗಂಡ. ಎಲ್ಲಾ ಮೂಲೆ ಮೂಲೆ ಚುಚ್ಚುವ ಕಲ್ಲುಗಳು, ಒಬ್ಬರ ಪಕ್ಕ ಒಬ್ಬರು ನೆಟ್ಟಗೆ ಕೂರುವುದಿಲ್ಲ. ಮರಳು ಮೊದಲು ನಾಲ್ವರು ದಾಯಾದಿಗಳ ಹೆಸರಿನಲ್ಲಿತ್ತು, ಅವಳ ಮಕ್ಕಳು ದೊಡ್ಡವರಾದ ಮೇಲೆ ದಾಯಾದಿಗಳನ್ನು ಓಡಿಸಿ ಆ ಜಾಗವನ್ನು ಮನೆಯವರಿಗೇ ಕೊಟ್ಟಳು: ಮಗ, ಸೊಸೆ, ಮಗಳು, ಅಳಿಯ. ಕಲ್ಲುಗಳ ನಡುವಿನ ಸಂದಿ ತುಂಬುವವರು ಇವರೇ ಎಂದು ಅವಳ ನಂಬಿಕೆ. ಇನ್ನು ನೀರು ಗಂಡನದು. "ಬೇಕು, ಇಲ್ದೆ ಆಗಲ್ಲ. ಆದ್ರೆ ಸ್ವಲ್ಪ ಜಾಸ್ತಿ ಆದ್ರೂ ಮನೆ ನಿಲ್ಲಲ್ಲ" ಎಂದು ಅವಳು ಕೊಡ ಬಗ್ಗಿಸುವಾಗ ಅವಳ ಗಂಡ, ಅವನೂ ಅದೇ ಸೈಟಿನಲ್ಲಿ ಸೆಂಟ್ರಿಂಗ್ ಹಲಗೆ ಹೊಡೆಯುವವನು, ಮೇಲಿನಿಂದ ಕೇಳಿಸಿಕೊಂಡು ಮೊಳೆಗೆ ಒಂದೇಟು ಜೋರಾಗಿ ಹೊಡೆಯುತ್ತಿದ್ದ. ಪಾಪದ ಮನುಷ್ಯ. ಸಿಟ್ಟು ಮೊಳೆಯ ಮೇಲೇ ಮುಗಿಯುತ್ತಿತ್ತು.

ಹೀಗೆ ಎಷ್ಟೋ ಮನೆಗಳ ತಾರಸಿಗಳು ಇವಳ ಭಾವ ಮೈದುನರ ಮೇಲೆ ನಿಂತಿವೆ. ಒಂದೂ ಸೋರಿಲ್ಲ.

ಅಷ್ಟರಲ್ಲಿ ಅವರ ಕಂಟ್ರಾಕ್ಟರಿಗೆ ಪೇಟೆಯ ಆಚೆ ಕಡೆ ಒಂದು ದೊಡ್ಡ ಕಟ್ಟಡದ ಕೆಲಸ ಸಿಕ್ಕಿತು. ಹೊಸ ದೊಡ್ಡ ಮಿಕ್ಸರ್ ಬರುತ್ತದೆ, ಅದರ ಪಕ್ಕ ನಿಲ್ಲುವವರಿಗೆ ಓದು ಬರಹ, ಲೆಕ್ಕ ಬರುತ್ತದೋ ಇಲ್ಲವೋ ನೋಡಿಯೇ ಜಾಗ ಕೊಡಬೇಕು ಎಂದು ಕಟ್ಟಿಸುವವರ ಕರಾರು. ಈಗಿನ ಮೇಸ್ತ್ರಿ ಟೀ ಹೊತ್ತಿನಲ್ಲಿ, ಇಟ್ಟಿಗೆಯ ಮೇಲೆ ಕೂತು, ಲೋಟಕ್ಕೆ ಊದುತ್ತಾ ಈ ಸುದ್ದಿ ಹೇಳಿದ.

"ಪರೀಕ್ಷೆ ಅಂದ್ರೆ ಪೆನ್ನು ಹಿಡಿಯೋದಲ್ಲ. ಕಾಂಕ್ರೀಟ್ ಕಲಸಿ ತೋರಿಸ್ಬೇಕಂತೆ. ಮೂಟೆ ಮೇಲೆ ಇರೋದು ಓದ್ಬೇಕು, ಅಳತೆ ಹೇಳ್ಬೇಕು. ನನ್ನ ಬಾಮೈದ ಕೂರ್ತಾನೆ. ಇನ್ಯಾರು?"

"ಇನ್ಯಾರು ಅಂದ್ರೆ? ಇಷ್ಟು ವರ್ಷ ಇಲ್ಲಿ ನಿಂತಿದ್ದು ಯಾರು, ದೆವ್ವಾನಾ?" ಎಂದಳು ದೊಡ್ಡಬಾಯಿ.

ಇಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಅವಳ ಸೊಸೆಯೂ ಅಲ್ಲೇ ಇದ್ದಳು. ಡ್ರಮ್ಮಿನಿಂದ ನೀರು ತುಂಬಿ ಕೊಡುವುದು, ಹಾಕಿದ ಕಾಂಕ್ರೀಟಿಗೆ ನೀರುಣಿಸುವುದು ಅವಳ ಕೆಲಸ. ಸ್ವಲ್ಪ ಶಾಲೆ ಕಂಡವಳು, ಗುಣದಲ್ಲಿ ಒಳ್ಳೆಯವಳು, ಆದರೆ ಒಳ್ಳೆಯ ಮಾತನ್ನು ಯಾವಾಗ ಆಡಬೇಕು ಎನ್ನುವುದು ಮಾತ್ರ ಶಾಲೆಯಲ್ಲಿ ಹೇಳಿಕೊಟ್ಟಿರಲಿಲ್ಲ. ಎಲ್ಲರ ಎದುರಿಗೇ ಹೇಳಿಬಿಟ್ಟಳು: "ಮೇಸ್ತ್ರಿಯೋರೇ, ನಮ್ಮತ್ತೆಗೆ ಒಂದಕ್ಷರಾನೂ ಬರಲ್ಲ. ನಾನು ಮನೇಲಿ ಹೇಳ್ಕೊಡ್ತೀನಿ, ಸ್ವಲ್ಪ ಟೈಮ್ ಕೊಡ್ಸಿ."

ಮೇಸ್ತ್ರಿಯ ಬಾಮೈದ ಟೀ ಮೂಗಿಗೆ ಹತ್ತುವಷ್ಟು ನಕ್ಕ.

ಅವತ್ತಿನಿಂದ ದೊಡ್ಡಬಾಯಿ ಸೊಸೆಯ ಜೊತೆ ಮಾತು ಬಿಟ್ಟಳು. ಮಾತು ಬಿಟ್ಟಳು ಅಂದರೆ ಸುಮ್ಮನಾದಳು ಎಂದುಕೊಳ್ಳಬೇಡಿ, ಅದು ಅವಳ ಕೈಲಿ ಆಗದ ಕೆಲಸ. ಆಡಬೇಕಾದ್ದನ್ನೆಲ್ಲ ನೀರಿನ ಕೊಡಕ್ಕೆ ಹೇಳುತ್ತಿದ್ದಳು. "ಲೇ ಕೊಡ, ಅನ್ನಕ್ಕೆ ಉಪ್ಪು ಹಾಕಿದಾರಾ ಅಂತ ಕೇಳು." "ಲೇ ಕೊಡ, ಒಣ ಹಾಕಿದ ಬಟ್ಟೆ ಮಳೇಲಿ ನೆನೀತಿದೆ ಅಂತ ಓದು ಬಲ್ಲೋರಿಗೆ ತಿಳ್ಸು." ಸೊಸೆಯೂ ಬಿಡುವವಳಲ್ಲ, ಕೊಡಕ್ಕೇ ಉತ್ತರ ಕೊಡುತ್ತಿದ್ದಳು. ನಡುವೆ ಸಿಕ್ಕಿಕೊಂಡ ಮಗ ಊಟದ ತಟ್ಟೆ ಹಿಡಿದುಕೊಂಡು ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕೂರುತ್ತಿದ್ದ. ಅಪ್ಪ ಆಗಲೇ ಅಲ್ಲಿ ಕೂತಿರುತ್ತಿದ್ದ. ಸೊಸೆ ಎನ್ನುವ ಪದವನ್ನೇ ಮನೆಯಿಂದ ಗುಡಿಸಿ ಹಾಕಿದಂತಾಯಿತು. ಆ ದಿನಗಳಲ್ಲಿ ಸೈಟಿನಲ್ಲಿ ಬರೀ ಗೋಡೆ ಕೆಲಸ, ಮಿಕ್ಸರ್ ಮೇಲೆ ಟಾರ್ಪಾಲು ಹೊದಿಸಿತ್ತು. ಹಾಗಾಗಿ ಈ ಗುಡಿಸಿದ್ದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಯಾರಿಗೂ ಹೊಳೆಯಲಿಲ್ಲ.

ಪರೀಕ್ಷೆಯ ದಿನ ಕಟ್ಟಿಸುವವರ ಕಡೆಯಿಂದ ಬಂದವಳು ಒಬ್ಬಳು ಎಳೇ ವಯಸ್ಸಿನ ಇಂಜಿನಿಯರ್. ಎಲ್ಲರೂ ಮೇಡಂ ಅಂದರು. ಬಿಳೀ ಬೂಟು ಹಾಕಿಕೊಂಡು ಬಂದಿದ್ದಳು, ಕಟ್ಟಡದ ಕೆಲಸಕ್ಕೆ ಬಿಳೀ ಬೂಟು! ಆದರೆ ಬಂದ ಕೂಡಲೇ ಕೆಸರಿಗೆ ಇಳಿದು ಮರಳನ್ನು ಮುಷ್ಟಿಯಲ್ಲಿ ಹಿಡಿದು ನೋಡಿದಳು, ಬೂಟಿನ ಕಡೆ ನೋಡಲೇ ಇಲ್ಲ. ದೊಡ್ಡಬಾಯಿಗೆ ಅಲ್ಲೇ ಸ್ವಲ್ಪ ಭಯವಾಯಿತು. ಬೂಟು ನೋಡಿಕೊಳ್ಳುವವಳಾಗಿದ್ದರೆ ಏನೋ ಒಂದು ಹೇಳಿ ದಾಟಿಸಬಹುದಿತ್ತು. ಮೇಡಂ ಎಲ್ಲರಿಗೂ ಹೆಲ್ಮೆಟ್ ಹಾಕಿಸಿದಳು. ದೊಡ್ಡಬಾಯಿಯ ತುರುಬಿನ ಮೇಲೆ ಅದು ಕೂರದೆ, ಅವಳು ತಲೆ ತಿರುಗಿಸಿದ ಮೇಲೆ ಒಂದು ಗಳಿಗೆ ಬಿಟ್ಟು ತಾನು ತಿರುಗುತ್ತಿತ್ತು.

ಮೊದಲು ಬಾಮೈದನ ಸರದಿ. ಓದಿದ ನೋಡಿ ಅವನು! ಮೂಟೆಯ ಮೇಲಿನದ್ದು, ಕೆಳಗಿನದ್ದು, ಕಾರ್ಖಾನೆಯ ವಿಳಾಸ, ಕೊಕ್ಕೆ ಹಾಕಿ ಎತ್ತಬೇಡಿ ಎನ್ನುವುದನ್ನೂ ಬಿಡಲಿಲ್ಲ. ಮೇಸ್ತ್ರಿ ಮೀಸೆ ತಿರುವಿದ. ಆಮೇಲೆ ಕಲಸಲು ನಿಂತ. ಸಿಮೆಂಟು ಸರಿ, ಮರಳು ಸರಿ, ಜಲ್ಲಿ ಸರಿ, ನೀರಿಗೆ ಬಂದಾಗ ಮಾತ್ರ ಕೈ ಧಾರಾಳವಾಯಿತು. ಮೇಡಂ ಹತ್ತಿರ ಒಂದು ತಗಡಿನ ಅಚ್ಚಿತ್ತು, ತಳವಿಲ್ಲದ ಬಕೆಟನ್ನು ಬೋರಲು ಹಾಕಿದ ಹಾಗೆ. ಅದಕ್ಕೆ ಕಾಂಕ್ರೀಟ್ ತುಂಬಿ ಅಚ್ಚನ್ನು ಮೇಲೆತ್ತಿದರೆ ಒಳಗಿನದು ಸ್ವಲ್ಪ ಕುಗ್ಗಿ ನಿಲ್ಲಬೇಕು. ಬಾಮೈದನದು ನಿಲ್ಲುವ ಮಾತು ಹಾಗಿರಲಿ, ಅಚ್ಚು ಎತ್ತಿದ್ದೇ ತಡ, ಎಲ್ಲರ ಕಾಲ ಬುಡಕ್ಕೂ ಹರಿದು ಬಂತು.

"ಸೌಟು ತರ್ಲೇನಪ್ಪಾ?" ಎಂದಳು ದೊಡ್ಡಬಾಯಿ.

ಮೇಡಂ ನಗಲಿಲ್ಲ. "ಇನ್ನೊಂದು ಸಲ ಮಾಡೋಕೆ ಎಲ್ಲರಿಗೂ ಅವಕಾಶ ಇದೆ" ಎಂದಳು. ಬಾಮೈದ ಎರಡನೇ ಸಲ ಹೆದರಿ ನೀರೇ ಹಾಕಲಿಲ್ಲ. ಒಣ ಜಲ್ಲಿ ಮಿಷನ್ನಿನೊಳಗೆ ಗಲಗಲ ಅಂದು ಅದರ ಹೊಟ್ಟೆಗೇ ನೋವಾಯಿತು. ಅದು ಹೋಗಲಿ.

ಈಗ ದೊಡ್ಡಬಾಯಿ ಬಂದು ನಿಂತಳು. ಮೇಡಂ ಅವಳ ಮುಂದೆ ಎರಡು ಮೂಟೆ ಇಟ್ಟಳು. ಎರಡರ ಮೇಲೂ ಆನೆಯ ಚಿತ್ರ.

"ಅಮ್ಮ, ಕಾಂಕ್ರೀಟಿಗೆ ಯಾವುದು ತಗೋತೀರಿ?"

"ಆನೇದು."

"ಎರಡೂ ಆನೇದೇ. ಏನು ಬರೆದಿದೆ ಓದಿ ಹೇಳಿ."

"ಓದೋಕೆ ಬಂದಿದ್ರೆ ನಿಮ್ಮ ಜಾಗದಲ್ಲಿ ನಾನು ನಿಂತ್ಕೊಂಡು ನಿಮ್ಮ ಕೈಲಿ ಜಲ್ಲಿ ಹೊರಿಸ್ತಿದ್ದೆ ತಾಯಿ" ಎಂದು ಎಲ್ಲರನ್ನೂ ನಗಿಸಿ, ದೊಡ್ಡಬಾಯಿ ಎರಡು ಮೂಟೆಗೂ ಒಂದೊಂದು ಗುದ್ದು ಕೊಟ್ಟು, ಮೆತ್ತಗಿದ್ದ ಒಂದನ್ನು ತೋರಿಸಿದಳು. "ಇದು. ಹೊಸ ಮಾಲು."

"ಹೊಸದೇ. ಆದ್ರೆ ಅದು ಗೋಡೆಗೆ ಗಾರೆ ಬಳಿಯೋ ಸಿಮೆಂಟು ಅಮ್ಮ. ತಾರಸಿಗೆ ಹಾಕಿದ್ರೆ ತಾರಸಿ ಕೂತ್ಕೊಳ್ಳುತ್ತೆ, ಕೆಳಗೆ ಜನ ಇರ್ತಾರೆ." ಮೇಡಂ ಇದನ್ನು ಮೆಲ್ಲಗೇ ಹೇಳಿದಳು. ನಗು ನಿಂತಿತು. ಇವರ ಸೈಟಿಗೆ ಇಷ್ಟು ದಿನ ಬರುತ್ತಿದ್ದುದು ಒಂದೇ ಥರದ ಆನೆ. ಆನೆಯಲ್ಲೂ ಜಾತಿ ಇರುತ್ತದೆ ಎಂದು ದೊಡ್ಡಬಾಯಿಗೆ ಯಾರು ಹೇಳಿದ್ದರು? ಹೆಲ್ಮೆಟ್ಟಿನ ಕೆಳಗೆ ಅವಳ ಮುಖ ಸಣ್ಣದಾಯಿತು. ಓದಿನಲ್ಲಿ ಹೋಯಿತು, ಇನ್ನು ಉಳಿದದ್ದು ಕಲಸುವುದೊಂದೇ, ಅದೂ ಹೋದರೆ ಮತ್ತೆ ಸಿಂಬೆ, ಮತ್ತೆ ಹಲಗೆಯ ಏರು, ಅದೂ ಹೊಸ ಕಟ್ಟಡ ಈ ಕಟ್ಟಡಕ್ಕಿಂತ ಎಷ್ಟೋ ಎತ್ತರ. ಮಂಡಿ ಅಲ್ಲೇ ಒಂದು ಸಲ ಕಿರುಗುಟ್ಟಿ ನೆನಪಿಸಿತು.

ಮಿಷನ್ ಶುರುವಾಯಿತು. ದೊಡ್ಡಬಾಯಿ ಗಂಟಲು ಸರಿಮಾಡಿಕೊಂಡು ಕೂಗಿದಳು.

"ಮಾವ ಹಾಕು! ಅತ್ತೆ ಹಾಕು, ಉದುರಿಸ್ಬೇಡ, ಸುಮ್ನೆ ಬಿಡೋರಲ್ಲ ಅವ್ರು!"

ಮೇಡಂ ತಲೆ ಎತ್ತಿ ನೋಡಿದಳು. ಬಾಂಡ್ಲಿ ಹೊತ್ತ ಹೆಂಗಸರು ಅಭ್ಯಾಸದಂತೆ ಸುರಿದರು.

"ಮಗ! ಮಗಳು! ಅಳಿಯ, ಜಾಸ್ತಿ ತುಂಬಬೇಡ, ಅವನಿಗೆ ಅಷ್ಟು ಮರ್ಯಾದೆ ಸಾಕು!" ಅಲ್ಲಿಂದ ಜಲ್ಲಿ. ಭಾವಂದಿರು, ಅವರ ಹೆಂಡಿರು, ಮೈದುನ, ಅವನ ಹೆಂಡತಿ, ನಾದಿನಿ, ನಾದಿನಿಯ ಗಂಡ ಎಲ್ಲರೂ ಗಡಗಡ ಸದ್ದು ಮಾಡುತ್ತಾ ಒಳಗೆ ಹೋದರು. ಗಂಡನನ್ನು ಅವಳು ಕೊಡ ಬಗ್ಗಿಸಿ ಎಚ್ಚರಿಕೆಯಿಂದ ಸುರಿದಳು.

ಅಚ್ಚು ಎತ್ತಿದಾಗ ರಾಶಿ ನಿಂತಿತು, ಆದರೆ ನಿಂತ ರೀತಿ ಚೆನ್ನಾಗಿರಲಿಲ್ಲ. ಜಲ್ಲಿ ಹಲ್ಲು ಕಿರಿಯುತ್ತಿತ್ತು, ಸಂದಿ ಸಂದಿಯಲ್ಲಿ ತೂತು. ನೋಡುತ್ತಿದ್ದ ಹಾಗೇ ಒಂದು ಪಕ್ಕ ಕಳಚಿ ಬಿತ್ತು.

"ಒರಟಾಗಿದೆ. ಹೀಗಿದ್ರೆ ನೀರು ಇಳಿಯುತ್ತೆ, ಕಂಬಿ ತುಕ್ಕು ಹಿಡಿಯುತ್ತೆ" ಎಂದಳು ಮೇಡಂ.

"ಸೌಟು ಬೇಡ, ಪೊರಕೆ ತರ್ಲಾ ಅಕ್ಕಾ?" ಎಂದ ಬಾಮೈದ. ಕಾದುಕೊಂಡೇ ಇದ್ದ ಅವನು.

ದೊಡ್ಡಬಾಯಿಗೆ ಎಲ್ಲಿ ತಪ್ಪಿತು ಎಂದು ಗೊತ್ತಾಗಲಿಲ್ಲ. ಮರಳಿನ ತಪ್ಪು ಎಂದಳು, ಜಲ್ಲಿಯ ತಪ್ಪು ಎಂದಳು, ಮಿಷನ್ನಿಗೆ ಒಂದು ಒದೆ ಕೊಟ್ಟು ಅದರ ತಪ್ಪೂ ಇರಬಹುದು ಎಂದಳು. ಮೊದಲ ಸಲ ಅವಳ ಬಾಯಿಂದ ಹೊರಟ ಮಾತು ಅವಳಿಗೇ ಸಾಲಲಿಲ್ಲ. ಸೆಂಟ್ರಿಂಗ್ ಹಲಗೆಯ ಮೇಲೆ ಸುತ್ತಿಗೆಯ ಸದ್ದು ನಿಂತಿತ್ತು, ಗಂಡ ಇಣುಕಿ ನೋಡುತ್ತಿದ್ದ.

ಆಗ ನೀರಿನ ಡ್ರಮ್ಮಿನ ಹತ್ತಿರ ನಿಂತಿದ್ದ ಸೊಸೆ ಕೈಲಿದ್ದ ಕೊಡವನ್ನು ಮುಖದ ಮುಂದೆ ಎತ್ತಿ ಹಿಡಿದು, ಅದರ ಬಾಯಿಗೆ ಕೇಳುವ ಹಾಗೆ, ಅಂದರೆ ಇಡೀ ಸೈಟಿಗೆ ಕೇಳುವ ಹಾಗೆ ಹೇಳಿದಳು:

"ಲೇ ಕೊಡ, ಅತ್ತೆಗೆ ಹೇಳು, ಮರಳಿನ ಮನೇಲಿ ಒಬ್ರು ಕಮ್ಮಿ ಆಗಿದಾರೆ ಅಂತ."

ದೊಡ್ಡಬಾಯಿ ತುಟಿಯಲ್ಲೇ ಎಣಿಸಿದಳು. ಮಗ, ಮಗಳು, ಅಳಿಯ. ಮಗ, ಮಗಳು, ಅಳಿಯ. ಅವಳು ತಲೆ ಕೊಡವಿದಳು, ಹೆಲ್ಮೆಟ್ ಆಮೇಲೆ ಕೊಡವಿತು. ಈ ನಾಲಿಗೆ ಒಂದು ಪದಕ್ಕೆ ಬಹಿಷ್ಕಾರ ಹಾಕಿದ್ದು ಮನೆಯಲ್ಲಿ, ಆದರೆ ನಾಲಿಗೆಗೇನು ಗೊತ್ತು ಮನೆ ಯಾವುದು ಮಿಷನ್ನು ಯಾವುದು ಎಂದು.

"ಮೇಡಮ್ಮಾ, ಇನ್ನೊಂದು ಸಲ" ಎಂದಳು.

ಮತ್ತೆ ಮಾವ ಹೋದ, ಅತ್ತೆ ಹೋದಳು, ಮಗ ಹೋದ. ಮುಂದಿನ ಬಾಂಡ್ಲಿ ಹೊತ್ತವಳು ಮಿಷನ್ ಬಾಯಲ್ಲಿ ಕಾಯುತ್ತಾ ನಿಂತಳು. ದೊಡ್ಡಬಾಯಿ ಆಕಾಶ ನೋಡಿದಳು, ಮೇಡಂ ಬೂಟು ನೋಡಿದಳು, ಬಾಮೈದನನ್ನು ನೋಡಿದಳು.

"ಮಗನ ಹೆಂಡ್ತಿ" ಎಂದಳು, ಮೂಗಿನಲ್ಲಿ.

"ಲೇ ಕೊಡ, ಅದ್ಯಾರು ಕೇಳು? ಅಂಥೋರು ಯಾರೂ ಈ ಲೆಕ್ಕದಲ್ಲಿ ಇರ್ಲಿಲ್ವಲ್ಲ" ಎಂದು ಡ್ರಮ್ಮಿನ ಕಡೆಯಿಂದ ಬಂತು.

"ಅಕ್ಕಾ, ಕತ್ತು ನೋಯ್ತಿದೆ, ಹಾಕ್ಲಾ ಬೇಡ್ವಾ?" ಎಂದಳು ಬಾಂಡ್ಲಿ ಹೊತ್ತವಳು.

"ಸೊಸೆ!" ಎಂದು ದೊಡ್ಡಬಾಯಿ ಅಬ್ಬರಿಸಿದಳು. ಪಕ್ಕದ ಬೀದಿಯಲ್ಲಿ ಹೋಗುತ್ತಿದ್ದ ಯಾರದೋ ಸೊಸೆ ಹೆದರಿ ನಿಂತಿರಬೇಕು. "ಸೊಸೆ, ಸೊಸೆ, ನನ್ನ ಸೊಸೆ! ಹಾಕೇ, ತುಂಬಾ ಹಾಕು, ತಲೆ ತಟ್ಟಿ ಹಾಕು, ಒಂದು ಕಾಳೂ ಬಾಂಡ್ಲೀಲಿ ಉಳೀಬಾರ್ದು!"

ಈ ಸಲ ಅಚ್ಚು ಎತ್ತಿದಾಗ ಕಾಂಕ್ರೀಟ್ ಸ್ವಲ್ಪ ಕುಗ್ಗಿ, ಊಟವಾದ ಮೇಲೆ ಕೂತ ದಪ್ಪ ಹೆಂಗಸಿನ ಹಾಗೆ, ಸಮಾಧಾನವಾಗಿ ಕೂತಿತು. ತೂತಿಲ್ಲ, ಹಲ್ಲಿಲ್ಲ. ಮೇಡಂ ಸುತ್ತ ಒಂದು ಸುತ್ತು ಬಂದು ಬೆರಳಿಟ್ಟು ನೋಡಿದಳು.

"ಅಮ್ಮ, ಇದರ ಎರಡರಷ್ಟು ಕಲಸ್ಬೇಕು ಅಂದ್ರೆ?"

"ಎಲ್ಲರನ್ನೂ ಎರಡೆರಡು ಸಲ ಕರೀಬೇಕು. ಒಂದೊಂದು ಸಲಕ್ಕೇ ಜೀವ ಹೋಗುತ್ತೆ."

"ಅರ್ಧ ಸಾಕು ಅಂದ್ರೆ?"

ದೊಡ್ಡಬಾಯಿ ಯೋಚಿಸಲೂ ಇಲ್ಲ. "ಗಂಡಸರನ್ನೆಲ್ಲ ಕೈಬಿಡ್ತೀನಿ."

ಮೇಡಂ ಬೆರಳು ಮಡಿಸಿ ಎಣಿಸಿದಳು. ಅತ್ತೆ ಒಂದು, ಸೊಸೆ ಮಗಳು ಎರಡು, ಆ ಕಡೆಯ ಹೆಂಗಸರು ನಾಲ್ಕು. ಸರಿಹೋಯಿತು. "ನೀರು?"

"ಅವರು ಹೇಗೂ ಅರ್ಧಾನೇ" ಎಂದಳು ದೊಡ್ಡಬಾಯಿ. ಮೇಲೆ ಒಂದು ಮೊಳೆ ಏಟು ತಿಂದಿತು. ಆಗ ನಕ್ಕಳು ನೋಡಿ ಮೇಡಂ, ಕಾಂಕ್ರೀಟ್ ಮೆತ್ತಿದ ಕೈಯನ್ನು ಬಾಯಿಗೆ ಅಡ್ಡ ಹಿಡಿದು, ಗಲ್ಲವೆಲ್ಲ ಬೂದಿ ಬಣ್ಣ ಮಾಡಿಕೊಂಡು.

ಆದರೆ ನಕ್ಕವಳೇ ತೀರ್ಪನ್ನೂ ಹೇಳಿದಳು, ಅದರಲ್ಲಿ ಸಡಿಲ ಬಿಡಲಿಲ್ಲ. "ಲೆಕ್ಕ ಬರುತ್ತೆ, ಕಲಸೋದೂ ಬರುತ್ತೆ. ಓದು ಬರಲ್ಲ. ಹೊಸ ಸೈಟಿಗೆ ನಾಕು ಥರ ಮೂಟೆ ಬರ್ತವೆ ಅಮ್ಮ. ಪಕ್ಕದಲ್ಲಿ ಓದೋರು ಒಬ್ರು ನಿಲ್ಲೋದಾದ್ರೆ ಜಾಗ ನಿಮ್ದು. ಇಲ್ದಿದ್ರೆ ಕೊಡೋಕಾಗಲ್ಲ."

"ಅದಕ್ಕೇನಂತೆ, ನನ್ನ ಬಾಮೈದ ನಿಲ್ತಾನೆ" ಎಂದ ಮೇಸ್ತ್ರಿ ತಕ್ಷಣ. ಬಾಮೈದ ಆಗಲೇ ಎರಡು ಹೆಜ್ಜೆ ಹತ್ತಿರ ಬಂದು ನಿಂತ, ಹಲ್ಲು ಬಿಟ್ಟುಕೊಂಡು.

ದಿನವಿಡೀ ಇವನ ಮುಖ ನೋಡಿಕೊಂಡು ಇವನ ಬಾಯಿಂದ ಆನೆಯ ಜಾತಿ ಕೇಳಬೇಕೇ? ಅದಕ್ಕಿಂತ ಸಿಂಬೆಯೇ ವಾಸಿ ಎನಿಸಿತು ದೊಡ್ಡಬಾಯಿಗೆ. ಮಂಡಿ ಮಾತ್ರ ವಾಸಿ ಅಲ್ಲ ಎಂದಿತು. ಅವಳು ಡ್ರಮ್ಮಿನ ಕಡೆ ತಿರುಗಿದಳು. ಹೆಲ್ಮೆಟ್ ಇನ್ನೂ ಮೇಸ್ತ್ರಿಯ ಕಡೆ ನೋಡುತ್ತಿತ್ತು.

"ಬರ್ತೀಯೇನೇ?"

"ಯಾರನ್ನ ಕೇಳ್ತಿದೀರಿ? ಕೊಡಾನಾ?"

"ನಿನ್ನನ್ನ ಕಣೇ. ಕೊಡಕ್ಕೆ ಓದು ಬರುತ್ತಾ?"

"ಬರ್ತೀನಿ. ಆದ್ರೆ ಮೂಟೆ ಮೇಲಿನ ಅಕ್ಷರ ನೀವೂ ಕಲೀಬೇಕು ಅತ್ತೆ. ನಂಗೇನು ದಿನಾ ಮೈ ಹುಷಾರಿರುತ್ತಾ?"

"ಎಲ್ಲರ ಮುಂದೆ ಹೇಳ್ಬೇಡ, ಮುಂಡೇದೆ" ಎಂದಳು ದೊಡ್ಡಬಾಯಿ. ಅವಳ ಮಟ್ಟಿಗೆ ಗುಟ್ಟಾಗಿಯೇ ಹೇಳಿದ್ದು, ಮೂರನೇ ಮಹಡಿಯವರೆಗೆ ಮಾತ್ರ ಕೇಳಿಸಿತು.

ಹೊಸ ಸೈಟಿನ ದೊಡ್ಡ ಮಿಷನ್ನಿನ ಪಕ್ಕ ಈಗ ಇಬ್ಬರೂ ನಿಲ್ಲುತ್ತಾರೆ. ಸೊಸೆ ಮೂಟೆ ಓದುತ್ತಾಳೆ, ಅತ್ತೆ ಕೂಗುತ್ತಾಳೆ. ದೊಡ್ಡ ಮಿಷನ್ನಿಗೆ ಎಲ್ಲರೂ ಎರಡೆರಡು ಸಲ ಹೋಗಬೇಕು, ನಾದಿನಿ ಎರಡನೇ ಸಲ ಹೋಗುವಾಗ ಬೈಗುಳ ಬೇರೆ ಇರುತ್ತದೆ. ಗಾರೆಯದು ಯಾವುದು, ತಾರಸಿಯದು ಯಾವುದು ಎಂದು ಮೂಟೆ ನೋಡಿ ಹೇಳುವಷ್ಟು ದೊಡ್ಡಬಾಯಿಗೂ ಬಂದಿದೆ. ಒಂದೊಂದು ಸಲ ತಪ್ಪು ಹೇಳಿ ಆನೆಯನ್ನು ಬೈಯುತ್ತಾಳೆ.

ಮೊನ್ನೆ ಮಂಡಿಯ ನೋವು ಜಾಸ್ತಿಯಾಗಿ ಮಲಗಿದ್ದಾಗ ಅಳಿಯ ಒಂದು ಸಲವೂ ಬಂದು ನೋಡಲಿಲ್ಲವಂತೆ. ಎದ್ದು ಕೆಲಸಕ್ಕೆ ಹೋದ ದಿನ ಮರಳು ಹಾಕಿಸುತ್ತಿದ್ದಳು. ಮಗ ಅಂದಳು, ಸೊಸೆ ಅಂದಳು, ಮಗಳು ಅಂದಳು. ನಿಂತಳು. ಬಾಂಡ್ಲಿ ಹೊತ್ತವಳು ಕಾದಳು.

"ಅತ್ತೆ, ಅಳಿಯ" ಎಂದಳು ಸೊಸೆ, ಮೂಟೆಯ ಮೇಲಿನ ಕಣ್ಣು ತೆಗೆಯದೆ.

"ಗೊತ್ತು ಕಣೇ, ಗೊತ್ತು. ಸ್ವಲ್ಪ ಹೊತ್ತು ನಿಲ್ಲಿಸ್ತಿದ್ದೆ ಅಷ್ಟೇ" ಎಂದು ದೊಡ್ಡಬಾಯಿ ಅಳಿಯನನ್ನು ಒಳಗೆ ಹಾಕಿಸಿದಳು.